ಸರ್ಕಾರಿ ಮಾತ್ರೆ, ಖಾಸಗಿ ಕವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ವರ್ಷ ಹೆಚ್ಚೂಕಡಿಮೆ ಒಂದು ತಿಂಗಳು ನಾನು ನಮ್ಮಜ್ಜಿಗೆ ಮೋಸ ಮಾಡಿದ್ದೇನೆ. ಸರ್ಕಾರಿ ಆಸ್ಪತ್ರೆಯಿಂದ ಬಂದ ಬಿ.ಪಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಒಂದೊಂದಾಗಿ ಒತ್ತಿ ತೆಗೆದು, ಮಧುಗಿರಿಯ ಒಂದು ಖಾಸಗಿ ಕ್ಲಿನಿಕ್ಕಿನ ಬಿಳಿ ಕವರಿಗೆ ತುಂಬಿ, ‘ತಗೋ ಅಜ್ಜಿ, ಪ್ರೈವೇಟ್ ಮಾತ್ರೆ’ ಎಂದು ಅವಳ ಕೈಗಿಟ್ಟೆ. ಮಾತ್ರೆ ಅಸಲಿ, ಕವರು ಮಾತ್ರ ಎರವಲು. ಹೀಗಿರುವಾಗ ಇದನ್ನು ಪೂರ್ತಿ ಮೋಸ ಎನ್ನಬಹುದೇ ಎಂದು ನನ್ನೊಳಗಿನ ವಕೀಲೆ ಈಗಲೂ ತಕರಾರು ತೆಗೆಯುತ್ತಾಳೆ. ಅವಳ ಮಾತಿಗೆ ಕಿವಿಗೊಡಬೇಡಿ. ಅವಳ ಜಾಣತನ ಅಜ್ಜಿಯ ಜೀವಕ್ಕೇ ಸಂಚಕಾರ ತರುವ ಮಟ್ಟಕ್ಕೆ ಹೋಗಿತ್ತು ಎಂಬುದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಕೆಲವರ ಬಾಲ್ಯದಲ್ಲಿ ಸಂಗೀತವಿರುತ್ತದೆ, ಕೆಲವರದ್ದರಲ್ಲಿ ಕಬಡ್ಡಿ. ನನ್ನದರಲ್ಲಿ ‘ಮಾನ್ಯ ತೀರ್ಪುಗಾರರೇ’ ಇತ್ತು. ಕಾಲೇಜಿನಲ್ಲಿದ್ದಾಗ ಕೊರಟಗೆರೆಯ ಒಂದು ಸ್ಪರ್ಧೆಯಲ್ಲಿ ಖಾಸಗಿ ಆಸ್ಪತ್ರೆಗಳೇ ಮೇಲು ಎಂದು ಮೇಜು ಗುದ್ದಿ ಮಾತಾಡಿ ಮೊದಲ ಬಹುಮಾನ ತಂದೆ. ಅದೇ ತಿಂಗಳು ಶಿರಾದಲ್ಲಿ ಚೀಟಿ ಎತ್ತಿದಾಗ ಎದುರು ಪಕ್ಷ ಬಂತು. ಸರ್ಕಾರಿ ಆಸ್ಪತ್ರೆಯೇ ಮೇಲು ಎಂದು ಅದೇ ಮೇಜನ್ನು, ಅಂದರೆ ಅಂಥದೇ ಇನ್ನೊಂದು ಮೇಜನ್ನು, ಗುದ್ದಿದೆ. ಅಲ್ಲಿಯೂ ಮೊದಲ ಬಹುಮಾನ. ಎರಡು ಶೀಲ್ಡುಗಳೂ ಅಜ್ಜಿಯ ಮನೆಯ ಟಿ.ವಿ. ಪಕ್ಕದಲ್ಲಿವೆ. ಹುಟ್ಟು ವಿರೋಧಿಗಳಾದರೂ ಜಗಳವಿಲ್ಲದೆ ಒಂದೇ ಧೂಳನ್ನು ಹಂಚಿಕೊಂಡು ಬದುಕುತ್ತಿವೆ.

ನಮ್ಮ ಹಳೆಯ ತರ್ಕಶಾಸ್ತ್ರದವರು ಚರ್ಚೆಯಲ್ಲಿ ಮೂರು ಬಗೆ ಹೇಳುತ್ತಾರೆ. ಸತ್ಯ ತಿಳಿಯಲಿಕ್ಕಾಗಿ ಮಾಡುವುದು ವಾದ. ಗೆಲ್ಲಲಿಕ್ಕಾಗಿ ಮಾಡುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವಲಿಕ್ಕಷ್ಟೇ ಮಾಡುವುದು ವಿತಂಡ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬಹಳ ಖುಷಿಯಾಯಿತು, ನನ್ನ ಕಸುಬಿಗೆ ಇಷ್ಟು ಪ್ರಾಚೀನ ಹೆಸರಿದೆಯಲ್ಲ ಎಂದು. ಎರಡನೆಯ ಸಲ ಓದಿದಾಗ ನನ್ನ ಕಸುಬು ಮೂರರಲ್ಲಿ ಯಾವುದು ಎಂದು ಗೊತ್ತಾಗಿ ಪುಸ್ತಕ ಮುಚ್ಚಿಟ್ಟೆ.

ಆಸ್ಪತ್ರೆಯ ಒಳ್ಳೆಯತನವನ್ನು ನಮ್ಮ ಕಡೆಯ ಜನ ಅಳೆಯುವ ಕ್ರಮವನ್ನು ಮಾತ್ರ ನಾನು ಯಾವ ಪಕ್ಷವೂ ವಹಿಸದೆ, ಬರೀ ಕುತೂಹಲದಿಂದ ವರ್ಷಗಟ್ಟಲೆ ಗಮನಿಸಿದ್ದೇನೆ. ಅದರ ಮೊದಲ ಸೂತ್ರ ದೂರ. ಒಳ್ಳೆಯ ಡಾಕ್ಟರು ಯಾವಾಗಲೂ ಮುಂದಿನ ಊರಿನಲ್ಲಿರುತ್ತಾರೆ. ಕೊಡಿಗೇನಹಳ್ಳಿಯವರಿಗೆ ಮಧುಗಿರಿಯಲ್ಲಿ, ಮಧುಗಿರಿಯವರಿಗೆ ತುಮಕೂರಿನಲ್ಲಿ, ತುಮಕೂರಿನವರಿಗೆ ಬೆಂಗಳೂರಿನಲ್ಲಿ. ಶಿರಾದವರೂ ಅಷ್ಟೇ. ಪಾವಗಡದ ಕಡೆಯವರಿಗಂತೂ ರಾಜ್ಯದ ಗಡಿ ದಾಟಿದರೆ ಅರ್ಧ ಕಾಯಿಲೆ ಬಸ್ಸಿನಲ್ಲೇ ಇಳಿದುಹೋಗುತ್ತದೆ. ಬಲಸಮುದ್ರದಲ್ಲಿರುವ ನಮ್ಮ ಚಿಕ್ಕಜ್ಜಿ, ಅಂದರೆ ಅಜ್ಜಿಯ ತಂಗಿ, ಹಿಂದೂಪುರದ ಒಬ್ಬ ಡಾಕ್ಟರ ಬಗ್ಗೆ ಹೇಳುವುದನ್ನು ಕೇಳಬೇಕು. ‘ಶಾನಾ ಮಂಚೋಡು, ಬೋ ಒಳ್ಳೇವ್ನು ಕಣಕ್ಕಾ. ತೆಲುಗಲ್ಲೇ ಬೈತಾನೆ. ಅವ್ನು ಬೈತಿದ್ದಂಗೇ ನಂಗೆ ಜ್ವರ ಬುಟ್ಟೋತು!’ ಬೈಗುಳ ಅರ್ಥವಾಗುವ ಭಾಷೆಯಲ್ಲಿರಬೇಕು, ಊರು ಮಾತ್ರ ಬೇರೆಯಿರಬೇಕು. ಇದು ಸುಲಭದ ಸಮೀಕರಣವಲ್ಲ.

ಎರಡನೆಯ ಸೂತ್ರ ಸೂಜಿ. ಸೂಜಿ ಹಾಕದ ಡಾಕ್ಟರು ‘ಬರೀ ಬಾಯಲ್ಲೇ ಕಳುಸ್ಬುಟ್ಟ’ ಎಂಬ ಅಪಕೀರ್ತಿಗೆ ಗುರಿಯಾಗುತ್ತಾರೆ. ಗ್ಲೂಕೋಸ್ ಬಾಟಲಿ ಏರಿಸಿದರೆ ಅದು ಸುದ್ದಿ. ಎರಡು ಏರಿಸಿದರೆ ನೆಂಟರು ಮೂಸಂಬಿ ಹಿಡಿದು ಬರುತ್ತಾರೆ. ಮೂರನೆಯದು ಬಣ್ಣ. ಇದನ್ನು ನನಗೆ ಕಲಿಸಿದ್ದು ಶಿರಾದ ನನ್ನ ಗೆಳತಿ ರುಕ್ಸಾನಾಳ ನಾನಿ. ಅವರು ದವಾಖಾನೆಯಿಂದ ತಂದ ಮಾತ್ರೆಗಳನ್ನು ಮೊದಲು ಅಂಗೈ ಮೇಲೆ ಹರಡಿಕೊಳ್ಳುತ್ತಿದ್ದರು. ‘ಬಿಳೀದು ಫುಕಟ್ ಬೇಟಿ, ಕೆಂಪುದು ಅಸ್ಲಿ,’ ಎಂದು ವಿಂಗಡಿಸಿ, ಬಿಳಿಯದನ್ನು ಕಿಟಕಿಯ ಮೇಲಿಟ್ಟು ಕೆಂಪನ್ನು ಮಾತ್ರ ನುಂಗುತ್ತಿದ್ದರು. ಜ್ವರದ ಮಾತ್ರೆ ಪಾಪ ಬಿಳಿಯದು. ಕೆಂಪು ಬರೀ ಶಕ್ತಿಯ ಮಾತ್ರೆ. ಅವರ ಜ್ವರ ಶಕ್ತಿವಂತವಾಗಿ ಒಂದು ವಾರ ಉಳಿದುಕೊಂಡಿತ್ತು.

ಇದನ್ನೆಲ್ಲ ನೋಡಿ ನಗುತ್ತಿದ್ದ ನಾನು ನನ್ನ ಬಾಲ್ಯದ ಬಗ್ಗೆ ಮಾತ್ರ ಈ ನಗೆಯನ್ನು ಅನ್ವಯಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಅಮ್ಮ ಕೊರಟಗೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದರಿಂದ ನಾನು ಬೆಳೆದದ್ದು ಕೊಡಿಗೇನಹಳ್ಳಿ ಹೋಬಳಿಯಲ್ಲಿರುವ ಅಜ್ಜಿಯ ಊರಿನಲ್ಲಿ. ಆಗ ಸರ್ಕಾರಿ ಆಸ್ಪತ್ರೆಗೆ ಹೋಗುವುದೆಂದರೆ ಮನೆಯಿಂದಲೇ ಖಾಲಿ ಬಾಟಲಿ ಒಯ್ಯುವುದು. ಕೆಮ್ಮಿನ ಔಷಧಿ ದೊಡ್ಡ ಕ್ಯಾನಿನಲ್ಲಿರುತ್ತಿತ್ತು. ಕಾಂಪೌಂಡರು ಅದನ್ನು ಅವರವರು ತಂದ ಬಾಟಲಿಗೆ ಸುರಿಯುತ್ತಿದ್ದರು. ಅಜ್ಜಿ ಬಾಟಲಿಯನ್ನು ಬೂದಿ ಹಾಕಿ ತೊಳೆದು, ಬಿಸಿನೀರಿನಲ್ಲಿ ಅಲುಗಿಸಿ, ಮೂಗಿನ ಹತ್ತಿರ ಹಿಡಿದು ಪರೀಕ್ಷಿಸಿ ಚೀಲಕ್ಕೆ ಹಾಕುತ್ತಿದ್ದಳು. ಸಾಲಿನಲ್ಲಿ ಎಲ್ಲ ಜಾತಿಯ ಬಾಟಲಿಗಳೂ ಇರುತ್ತಿದ್ದವು. ನಡುವೆ ಯಾರದೋ ಗಂಡನ ಹಿಂದಿನ ದಿನದ ಸಾರಾಯಿ ಬಾಟಲಿಯೂ ಇರುತ್ತಿತ್ತು. ಕಾಂಪೌಂಡರು ಅದನ್ನು ಬೆಳಕಿಗೆ ಹಿಡಿದು, ‘ಇದ್ರಲ್ಲಿ ಇದ್ದಿದ್ದೇ ಕೆಮ್ಮಿಗೆ ಒಳ್ಳೇದಿತ್ತಲ್ಲಮ್ಮಾ, ಖಾಲಿ ಯಾಕ್ ಮಾಡಿದ್ರಿ?’ ಎಂದರೆ ಇಡೀ ಸಾಲು ಕೆಮ್ಮು ಮರೆತು ನಗುತ್ತಿತ್ತು.

ಆ ಕೆಂಪು ಔಷಧಿ ಎಷ್ಟು ಸಿಹಿಯಿತ್ತೆಂದರೆ ನಾನು ಬಾಟಲಿ ಮುಗಿಯುವವರೆಗೂ ನಿಷ್ಠೆಯಿಂದ ಕೆಮ್ಮುತ್ತಿದ್ದೆ. ಹೊಂಗೆಮರದ ನೆರಳು, ನುಣುಪಾದ ಕಲ್ಲುಬೆಂಚು, ಸ್ಪಿರಿಟ್ಟಿನ ವಾಸನೆ, ಗೋಡೆಯ ಮೇಲೆ ಕೈಯಲ್ಲಿ ಬರೆದ ದುಂಡುಮುಖದ ತಾಯಿ ಮಗುವಿನ ಚಿತ್ರ. ಅದರಲ್ಲಿ ಮಗುವಿನ ಒಂದು ಕಣ್ಣು ಸುಣ್ಣದ ಜೊತೆ ಉದುರಿಹೋಗಿತ್ತು. ಆ ಔಷಧಿ ಒಳ್ಳೆಯದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ಹುಷಾರಾಗುವ ಮೊದಲಿನ ಒಂದು ಸುಖ ಆಗುತ್ತದೆ. ತರ್ಕದಲ್ಲಿ ಇದಕ್ಕೆ ಹೇತ್ವಾಭಾಸ ಎನ್ನುತ್ತಾರೆ, ಕಾರಣದಂತೆ ಕಾಣುವ, ಕಾರಣವಲ್ಲದ ಕಾರಣ. ಹೆಸರು ಗೊತ್ತಾದ ಮಾತ್ರಕ್ಕೆ ಸುಖವೇನೂ ಕಡಿಮೆಯಾಗುವುದಿಲ್ಲ.

ಅದೇ ಆಸ್ಪತ್ರೆಯ ಪುಷ್ಪ ಸಿಸ್ಟರ್ ತಿಂಗಳಿಗೊಮ್ಮೆ ಮೊಪೆಡ್ಡಿನಲ್ಲಿ ನಮ್ಮೂರಿಗೆ ಬರುತ್ತಿದ್ದರು. ಅಜ್ಜಿಗೆ ಬಿ.ಪಿ. ಇದೆ ಎಂದು ಮೊದಲು ಕಂಡುಹಿಡಿದವರೂ ಅವರೇ. ಜಗಲಿಯ ಮೇಲೆ ಕೂತು, ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತುತ್ತಲೇ ವಿಚಾರಣೆ ಶುರುಮಾಡುತ್ತಿದ್ದರು.

‘ಉಪ್ಪಿನಕಾಯಿ ಎಷ್ಟ್ ತಿಂದೆ ಗಂಗಮ್ಮಾ?’

‘ಒಂದೇ ಹೋಳು ಕಣವ್ವಾ.’

‘ನಿನ್ನ ಒಂದು ಅಂದ್ರೆ ನಾಲ್ಕು. ಮಿಷನ್ನು ಹೇಳ್ತೈತೆ.’

‘ನಿನ್ ಮಿಷನ್ನಿಗೆ ಉಪ್ಪಿನಕಾಯಿ ಲೆಕ್ಕಾನೂ ಗೊತ್ತಾಯ್ತದಾ? ಶಿವನೇ!’

ಅಜ್ಜಿಯ ಪೂರ್ತಿ ಹೆಸರು ಸಿದ್ದಗಂಗಮ್ಮ. ಆ ಮಿಷನ್ನಿನ ಬಗ್ಗೆ ಅವಳಿಗೆ ಅಪಾರ ಭಯಭಕ್ತಿ. ಸಿಸ್ಟರ್ ಬರುವ ವಾರ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸುತ್ತಿದ್ದಳು, ಮಿಷನ್ನು ಅಡುಗೆಮನೆಯೊಳಗೂ ಇಣುಕಬಹುದೆಂದು. ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಸಿಸ್ಟರಿಗೆ ಮಂಡಿನೋವು ಬಂದು, ಆಸ್ಪತ್ರೆಯೊಳಗಿನ ಕೆಲಸಕ್ಕೆ ಹಾಕಿದರು. ಮನೆಗೆ ಮಾತ್ರೆ ತಲುಪಿಸಲು ಹೊಸ ಹುಡುಗಿ ಬರತೊಡಗಿದಳು. ನಾನು ಅಷ್ಟರಲ್ಲಿ ಓದು ಮುಗಿಸಿ, ಮಧುಗಿರಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇಂಥ ಸಣ್ಣ ಬದಲಾವಣೆಗಳನ್ನು ಗಮನಿಸುವಷ್ಟು ಬಿಡುವು ದೊಡ್ಡ ವಿಷಯಗಳ ಬಗ್ಗೆ ಯೋಚಿಸುವವರಿಗೆ ಇರುವುದಿಲ್ಲ.

ಒಂದು ಭಾನುವಾರ ಅಕ್ಕಿ ಡಬ್ಬಿಯ ಹಿಂದೆ ಸಕ್ಕರೆ ಹುಡುಕುತ್ತಿದ್ದಾಗ ಮುಟ್ಟದೇ ಇಟ್ಟಿದ್ದ ಆರು ಸ್ಟ್ರಿಪ್ ಬಿ.ಪಿ. ಮಾತ್ರೆ ಸಿಕ್ಕಿದವು. ಅಜ್ಜಿಯ ಅಣ್ಣ ಇದೇ ಬಿ.ಪಿ.ಯನ್ನು ಹಗುರವಾಗಿ ತೆಗೆದುಕೊಂಡು, ಬಲಗಡೆ ಸ್ವಾಧೀನ ತಪ್ಪಿ, ಕೊನೆಯ ನಾಲ್ಕು ವರ್ಷ ಮಾತಿಲ್ಲದೆ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅಜ್ಜಿಯೂ ನೋಡಿದ್ದಳು.

‘ಯಾಕಜ್ಜಿ ನುಂಗಿಲ್ಲ?’ ಎಂದೆ.

‘ಬಿಟ್ಟಿ ಮಾತ್ರೆ ಕಣೇ. ನೀರ್ ಕುಡ್ದಂಗೈತೆ. ಮೈಗೇ ಅತ್ತಲ್ಲ.’

ನಾನು ಶುರುಮಾಡಿದೆ. ಖಾಸಗಿಯಲ್ಲಿ ಕೊಡುವ ಮಾತ್ರೆಯೊಳಗೂ ಇದೇ ಔಷಧಿ ಇರುವುದು, ಹೆಸರು ನೋಡು, ತೂಕ ನೋಡು, ವಸ್ತುವಿನ ಬೆಲೆಯನ್ನೇ ಅದರ ಗುಣವೆಂದು ತಿಳಿಯುವುದು ಮನುಷ್ಯನ ಮನಸ್ಸಿನ ಒಂದು ದೌರ್ಬಲ್ಯ, ಇತ್ಯಾದಿ. ಮೂರು ಅಂಶಗಳು, ಒಂದು ಉಪಮೆ, ಸಮಾರೋಪ. ಅಜ್ಜಿ ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡಳು.

‘ಮುಗೀತಾ ಲಾಯರಮ್ಮಾ? ನಿನ್ ಭಾಷಣಕ್ಕೆ ಅವ್ರು ಶೀಲ್ಡ್ ಕೊಡ್ತಾರೆ. ನಂಗೆ ಬರೀ ತಲೆನೋವು ಬತ್ತೈತೆ. ನನ್ನ ಮಧುಗಿರಿ ಡಾಕ್ಟ್ರ ತಾವ ಕರ್ಕಂಡೋಗು.’

ಕರೆದುಕೊಂಡು ಹೋದೆ. ಮೆತ್ತನೆ ಕುರ್ಚಿ, ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಮೀನು, ಬಾಗಿಲಿಗೆ ಹಸಿರು ಪರದೆ. ಅಜ್ಜಿ ಮೀನುಗಳನ್ನು ನೋಡುತ್ತ ಕೂತಾಗಲೇ ಅರ್ಧ ಗುಣವಾಗಿದ್ದಳು. ಡಾಕ್ಟರು ಒಳ್ಳೆಯವರು. ನಾಡಿ ಹಿಡಿದರು, ಕಣ್ಣು ಬಿಡಿಸಿ ನೋಡಿದರು, ನಿದ್ದೆ ಬರುತ್ತದೆಯೇ, ಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳಿದರು. ನಾನು ಒಯ್ದಿದ್ದ ಸರ್ಕಾರಿ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, ‘ಇದು ಸರಿಯಾಗೇ ಇದೆ. ದಿನಕ್ಕೊಂದು ಇದನ್ನೇ ಮುಂದುವರಿಸಿ,’ ಎಂದರು. ಹತ್ತು ಶಕ್ತಿಯ ಮಾತ್ರೆಗಳನ್ನು ಸೂರ್ಯ ಚಂದ್ರರ ಚಿತ್ರವಿದ್ದ ಕವರಿನಲ್ಲಿ ಹಾಕಿಕೊಟ್ಟರು. ಅವರು ಹೇಳಿದ್ದು ಅಜ್ಜಿಯ ಕಿವಿಗೆ ಬೀಳಲೇ ಇಲ್ಲ. ಅವಳ ಗಮನವೆಲ್ಲ ಕವರಿನ ಮೇಲಿತ್ತು. ವಾಪಸು ಬರುವ ಬಸ್ಸಿನಲ್ಲಿ, ಇನ್ನೂ ಒಂದು ಮಾತ್ರೆಯನ್ನೂ ನುಂಗದೆ, ‘ಏಟ್ ಹಗುರ ಆಗೈತೆ ನೋಡು ಮೈ!’ ಎಂದಳು.

ಆ ಕ್ಷಣದಲ್ಲಿ ನನ್ನ ತಲೆಗೆ ಆ ಯೋಜನೆ ಬಂತು. ಅಜ್ಜಿಗೆ ಬೇಕಿದ್ದದ್ದು ಕವರು. ಅವಳ ರಕ್ತನಾಳಗಳಿಗೆ ಬೇಕಿದ್ದದ್ದು ಆ ಸರ್ಕಾರಿ ಮಾತ್ರೆ. ಎರಡನ್ನೂ ಜೋಡಿಸಿದರೆ ಯಾರಿಗೇನು ನಷ್ಟ? ಶಕ್ತಿಯ ಮಾತ್ರೆ ಮುಗಿದ ದಿನ ಮೂವತ್ತು ಬಿ.ಪಿ. ಮಾತ್ರೆಗಳನ್ನು ಒತ್ತಿ ತೆಗೆದು ಆ ಕವರಿಗೆ ತುಂಬಿದೆ. ಸೂರ್ಯನ ಚಿತ್ರದ ಕೆಳಗೆ ಗೀಟು ಹಾಕಿ, ಚಂದ್ರನನ್ನು ಹೊಡೆದುಹಾಕಿದೆ. ‘ಡಾಕ್ಟ್ರು ಬಿ.ಪಿ.ಗೆ ಬೇರೆ ಮಾತ್ರೆ ಕೊಟ್ಟವ್ರೆ ಅಜ್ಜಿ, ಬೆಳಿಗ್ಗೆ ಒಂದು,’ ಎಂದೆ. ಅಜ್ಜಿ ಕವರನ್ನು ಕಣ್ಣಿಗೊತ್ತಿಕೊಂಡು ತನ್ನ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡಳು. ದೇವರ ಕುಂಕುಮಕ್ಕೂ ಅಂಥ ಜಾಗ ಸಿಕ್ಕಿರಲಿಲ್ಲ.

ನಾನು ಗೆದ್ದಿದ್ದೆ. ದಿನಾ ಬೆಳಿಗ್ಗೆ ಅವಳು ಕಾಫಿಯಾದ ಮೇಲೆ ಚೀಲ ಬಿಚ್ಚಿ, ಒಲೆಯ ಕಡೆ ತಿರುಗಿ ಏನೋ ಮಾಡಿ, ಮಾತ್ರೆ ನುಂಗಿ, ನೀರು ಕುಡಿಯುತ್ತಿದ್ದಳು. ‘ಈ ಮಾತ್ರೆ ನೋಡು, ಮೈಗೆ ಅತ್ತೈತೆ,’ ಎಂದು ಪಕ್ಕದ ಮನೆಯ ನಾಗಮ್ಮನಿಗೆ ಹೇಳುವಾಗ ನಾನು ಒಳಗೆ ನಿಂತು ನಗು ತಡೆದುಕೊಳ್ಳುತ್ತಿದ್ದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪಾವಗಡದ ಒಂದು ಕಾಲೇಜಿಗೆ ತೀರ್ಪುಗಾರ್ತಿಯಾಗಿ ಹೋದಾಗ, ಸಮಾರೋಪದ ನಾಲ್ಕು ಮಾತು ಆಡಿ ಎಂದರು. ಹೆಸರು ಹೇಳದೆ ಈ ಪ್ರಸಂಗವನ್ನೇ ಉದಾಹರಣೆ ಕೊಟ್ಟು, ಗುಣಮಟ್ಟ ಇರುವುದು ವಸ್ತುವಿನಲ್ಲಲ್ಲ, ನೋಡುವ ಕಣ್ಣಿನಲ್ಲಿ ಎಂದು ಸಾಧಿಸಿಬಿಟ್ಟೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ವಾದವನ್ನು ಮತ್ತೆ ತಿರುಗಿ ಪರೀಕ್ಷಿಸುವ ಅಭ್ಯಾಸ ನನಗಿಲ್ಲ.

ಮರುವಾರ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಕೊಡ ಇಳಿಸಲು ಹೋಗಿ ಕಂಬ ಹಿಡಿದುಕೊಂಡು ಕೂತುಬಿಟ್ಟಳು. ನೀರೆಲ್ಲ ಅಂಗಳದ ತುಂಬ ಹರಿಯಿತು. ‘ಭೂಮಿ ತಿರುಗ್ದಂಗಾತು ಕಣೇ,’ ಎಂದಳು. ಅವಳ ನಾಲಿಗೆ ಸ್ಪಷ್ಟವಾಗಿದೆಯೇ, ಬಾಯಿ ಸೊಟ್ಟಗಾಗಿದೆಯೇ ಎಂದು ನಾನು ನೋಡಿದ್ದು ನನಗೆ ಈಗಲೂ ನೆನಪಿದೆ; ಅವಳಣ್ಣನ ಮುಖ ಕಣ್ಣಮುಂದೆ ಬಂದು ಹೋಯಿತು. ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಓಡಿದೆ. ಯಾಕೆ ಅಲ್ಲಿಗೆ, ಮಧುಗಿರಿಗೆ ಯಾಕಲ್ಲ ಎಂದು ಕೇಳಿದರೆ, ಹತ್ತಿರವಿತ್ತು. ಭಯವಾದಾಗ ಮನುಷ್ಯ ಪಕ್ಷ ವಹಿಸುವುದಿಲ್ಲ.

ಡಾಕ್ಟರು ನನ್ನ ವಯಸ್ಸಿನ ಹುಡುಗಿ, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ‘ಬಹಳ ಜಾಸ್ತಿ ಇದೆ. ಮಾತ್ರೆ ಬಿಟ್ಟಿದ್ರಾ?’

‘ಇಲ್ಲ ಕಣವ್ವಾ, ದಿನಾ ತಪ್ಪುಸ್ದಂಗೆ ನುಂಗ್ತಿದೀನಿ,’ ಎಂದಳು ಅಜ್ಜಿ. ಅದು ನಿಜ. ನನ್ನ ಕಣ್ಣೆದುರೇ ನುಂಗಿದ್ದಾಳೆ. ‘ಹಾಗಾದ್ರೆ ಒಂದರಲ್ಲಿ ಹಿಡಿತಕ್ಕೆ ಬರ್ತಿಲ್ಲ. ಜೊತೆಗೆ ಇನ್ನೊಂದು ಸೇರಿಸೋಣ,’ ಎಂದು ಡಾಕ್ಟರು ಚೀಟಿ ಎಳೆದುಕೊಂಡರು. ಅಷ್ಟು ಹೊತ್ತಿಗೆ ಒಳಗಿನಿಂದ ಪುಷ್ಪ ಸಿಸ್ಟರ್ ಮಂಡಿ ಹಿಡಿದುಕೊಂಡು ಬಂದರು. ಅಜ್ಜಿಯನ್ನು ನೋಡಿ ನಕ್ಕವರು, ಬಿ.ಪಿ. ಕೇಳಿ ನಗು ನಿಲ್ಲಿಸಿದರು.

‘ಎಲ್ಲಿ, ಮಾತ್ರೆ ತೋರ್ಸು ಗಂಗಮ್ಮಾ.’

ಅಜ್ಜಿ ಹೆಮ್ಮೆಯಿಂದ ಎಲೆಯಡಿಕೆ ಚೀಲ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ, ಸೂರ್ಯ ಚಂದ್ರರ ಕವರು. ಅದರ ಜೊತೆಗೆ ಒಂದು ಕಾಗದದ ಪೊಟ್ಟಣ. ಸಿಸ್ಟರ್ ಅದನ್ನು ಬಿಡಿಸಿದರು. ಅದರೊಳಗೆ ಅರ್ಧಚಂದ್ರಾಕಾರದ ಬಿಳಿ ಚೂರುಗಳು, ಅಂಚು ಸವೆಯದ ಹಾಗೆ ಚೊಕ್ಕವಾಗಿ ಕತ್ತರಿಸಿದವು, ಒಂದು ಹಿಡಿಯಷ್ಟು.

‘ಇದೇನಿದು?’

‘ಉಳ್ದರ್ಧ ಕಣವ್ವಾ. ಅಡಕತ್ತರೀಲಿ ಕತ್ತರುಸ್ತೀನಿ. ಇವತ್ತರ್ಧ ನುಂಗೋದು, ಮಿಕ್ಕಿದ್ದು ಕವರ್ ಖಾಲಿಯಾದ್ಮೇಲಿಗೆ ಅಂತ ಕಟ್ಟಿಡೋದು. ಪ್ರೈವೇಟ್ ಮಾತ್ರೆ ಅಲ್ವಾ? ಪವರ್ ಜಾಸ್ತಿ. ಈ ವಯಸ್ಸಲ್ಲಿ ನನ್ನ ಮೈ ತಡೀತೈತಾ? ಸರ್ಕಾರದ್ದಾಗಿದ್ರೆ ಪೂರಾ ನುಂಗ್ತಿದ್ದೆ.’

ಆ ಕೋಣೆಯಲ್ಲಿ ನನಗೆ ಮಾತ್ರ ಆ ವಾಕ್ಯದ ಪೂರ್ತಿ ಅರ್ಥವಾಯಿತು. ಅಜ್ಜಿಯ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ದುರ್ಬಲ ಮಾತ್ರೆ ಪೂರ್ತಿ, ಬಲವಾದ ಮಾತ್ರೆ ಅರ್ಧ. ದುರ್ಬಲವನ್ನು ಬಲವೆಂದು ನಂಬಿಸಿದವಳು ನಾನು; ನಂಬಿದವಳು ಅದಕ್ಕೆ ತಕ್ಕಂತೆ ಎಚ್ಚರ ವಹಿಸಿದ್ದಳು. ನೋಡುವ ಕಣ್ಣಿನಲ್ಲಿ ಎಲ್ಲ ಇದೆ ಎಂದು ಪಾವಗಡದಲ್ಲಿ ಚಪ್ಪಾಳೆ ಗಿಟ್ಟಿಸಿದ ನನಗೆ, ಕಣ್ಣಿನ ಹಿಂದೆ ಒಂದು ಕೈ ಇರುತ್ತದೆ, ಆ ಕೈಯಲ್ಲೊಂದು ಅಡಕತ್ತರಿ ಇರುತ್ತದೆ ಎಂಬುದು ಹೊಳೆದಿರಲಿಲ್ಲ.

ಡಾಕ್ಟರು ಕವರು ತಿರುಗಿಸಿ ನೋಡಿದರು. ‘ಅಂದ್ರೆ ನಮ್ಮ ಮಾತ್ರೆ ಬಿಟ್ಟು ಇದನ್ನ ತಗೋತಿದ್ದೀರಿ. ಯಾವ ಮಾತ್ರೆ ಇದು? ಹೆಸರು ಎಲ್ಲೂ ಇಲ್ಲವಲ್ಲ.’

ಇಲ್ಲಿ ನಾನು ಸುಮ್ಮನಿರಬಹುದಿತ್ತು. ‘ಇನ್ನು ಮೇಲೆ ಪೂರ್ತಿ ನುಂಗಜ್ಜಿ’ ಎಂದು ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಒಂದು ನಿಮಿಷ ಅದನ್ನೇ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ? ಅಜ್ಜಿಯ ಎದುರು ಸಣ್ಣವಳಾಗುವುದು ಬೇಡವಿತ್ತು. ಆದರೆ ಡಾಕ್ಟರ ಪೆನ್ನು ಚೀಟಿಯ ಮೇಲೆ ನಿಂತಿತ್ತು. ಅದು ಕೆಳಗಿಳಿದರೆ, ಯಾವುದರ ಮೇಲೆ ಯಾವುದು ಎಷ್ಟು ಎಂದು ಗೊತ್ತಿಲ್ಲದೆ ಮತ್ತೊಂದು ಔಷಧಿ ಅಜ್ಜಿಯ ಮೈಗೆ ಹೋಗುತ್ತದೆ.

‘ಅದು ನಿಮ್ಮದೇ ಮಾತ್ರೆ ಮೇಡಂ,’ ಎಂದೆ. ‘ಕವರು ಬದಲಾಯಿಸಿದ್ದು ನಾನು.’

ಅಷ್ಟು ಚಿಕ್ಕ ಭಾಷಣವನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, ‘ಹೇಳಿದ್ದು ಒಳ್ಳೇದಾಯ್ತು,’ ಎಂದಷ್ಟೇ ಹೇಳಿ, ಅಜ್ಜಿಯನ್ನು ಮಲಗಿಸಿಕೊಂಡು ಒಂದು ಮಧ್ಯಾಹ್ನದ ಮಟ್ಟಿಗೆ ನೋಡಿಕೊಂಡರು. ಬೈದದ್ದು ಪುಷ್ಪ ಸಿಸ್ಟರ್. ‘ನಾಕಕ್ಷರ ಕಲಿತೋಳು ನೀನು! ಮಾತ್ರೇನ ಸ್ಟ್ರಿಪ್ಪಿಂದ ಹಿಂಗೆ ತೆಗ್ದಿಡ್ತಾರಾ? ಹೆಸರಿಲ್ಲ, ತಾರೀಕಿಲ್ಲ! ನಾಳೆ ನಾಗಮ್ಮನ ಮೊಮ್ಮಗು ಇದ್ನ ಪೆಪ್ಪರ್‌ಮೆಂಟು ಅಂದ್ಕಂಡು ಬಾಯಿಗಾಕ್ಕಂಡಿದ್ರೆ?’ ನಾನು ತಲೆ ತಗ್ಗಿಸಿದ್ದೆ. ಅಜ್ಜಿ ಮಂಚದ ಮೇಲೆ ಮಲಗಿ ಜಂತೆ ನೋಡುತ್ತಿದ್ದಳು.

ಸಂಜೆ ವಾಪಸು ಬರುವಾಗ ಆಟೋದಲ್ಲಿ ಮೌನ. ಬೈದರೆ ಉತ್ತರ ಕೊಡಬಹುದು. ಮೌನದ ವಿರುದ್ಧ ಯಾವ ಸ್ಪರ್ಧೆಯಲ್ಲೂ ನನಗೆ ತರಬೇತಿ ಸಿಕ್ಕಿಲ್ಲ. ಕೆರೆ ಏರಿ ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು.

‘ಪುಷ್ಪಮ್ಮ ಬತ್ತಿದ್ದಾಗ ಮಾತ್ರೆ ಬಿಳೀದೋ ಕೆಂಪುದೋ ನಾನು ನೋಡ್ತಾನೇ ಇರ್ಲಿಲ್ಲ ಕಣೇ. ಅವ್ಳು ಕೊಟ್ಲು, ನಾನು ನುಂಗ್ದೆ. ಈಗ ಬರೋ ಹುಡ್ಗಿ ಬಾಗ್ಲಲ್ಲಿ ನಿಂತು ನನ್ನ ಕೈಗೆ ಮಾತ್ರೆ ಕೊಟ್ಟು ಫೋಟೊ ತೆಗ್ದು ವೋಯ್ತಾಳೆ. ಅವ್ಳಿಗೂ ಏಟೊಂದು ಮನೆ, ಪಾಪ. ಆದ್ರೆ ಅವ್ಳು ಬರೋದು ನನ್ನ ನೋಡಾಕಲ್ಲ, ನನ್ನ ಫೋಟೊ ನೋಡಾಕೆ. ಮಧುಗಿರಿ ಡಾಕ್ಟ್ರು ಕಾಲು ಜೋಮು ಹಿಡೀತೈತಾ ಅಂತ ಕೇಳ್ದ. ನೀನೂ ಕೇಳಿರ್ಲಿಲ್ಲ.’

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಟೋ ಊರ ಬಾಗಿಲಿಗೆ ತಿರುಗುವಾಗ ಇನ್ನೊಂದು ಮಾತು ಸೇರಿಸಿದಳು, ದನಿ ಏರಿಸದೆ. ‘ನೀನ್ ಕೊಟ್ಟಿದ್ದು ಅಂತ ಕಣ್ಣಿಗೊತ್ಕಂಡಿದ್ದೆ.’

ಅಷ್ಟು ದಿನ ಅವಳು ಕಣ್ಣಿಗೊತ್ತಿಕೊಂಡದ್ದು ಕವರನ್ನು ಎಂದು ನಾನು ತಿಳಿದಿದ್ದೆ. ಅದನ್ನೇ ಆಧಾರವಾಗಿಟ್ಟುಕೊಂಡು ಸಿದ್ಧಾಂತ ಕಟ್ಟಿದ್ದೆ, ಪಾವಗಡದವರೆಗೂ ಅದನ್ನು ಹೊತ್ತುಕೊಂಡು ಹೋಗಿದ್ದೆ. ಸರ್ಕಾರಿ, ಖಾಸಗಿ ಎಂಬ ಎರಡೇ ಪಕ್ಷಗಳಿರುವ ಚರ್ಚೆಯಲ್ಲಿ ಮೂರನೆಯದಾಗಿ ನಾನೂ ಒಂದು ಆಸ್ಪತ್ರೆಯಾಗಿದ್ದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿಯ ಗುಣಮಟ್ಟದ ಬಗ್ಗೆ ರೋಗಿಯ ಅಭಿಪ್ರಾಯ ಈಗ ಬದಲಾಗಿತ್ತು.

ಬದಲಾಗಿತ್ತು ಎಂದರೆ ಹೇಗೆ, ಕೇಳಿ. ಮರುದಿನ ಬೆಳಿಗ್ಗೆ ಸ್ಟ್ರಿಪ್ಪಿನಿಂದ ಅವಳೆದುರೇ ಮಾತ್ರೆ ಒತ್ತಿ ಕೊಟ್ಟೆ. ಅಜ್ಜಿ ಅದನ್ನು ತೆಗೆದುಕೊಳ್ಳಲಿಲ್ಲ. ಸ್ಟ್ರಿಪ್ಪನ್ನು ಕಸಿದುಕೊಂಡು ನಾಗಮ್ಮನ ಸೊಸೆಯ ಹತ್ತಿರ ಹೋಗಿ, ‘ಇದ್ರ ಮೇಲೆ ಏನ್ ಬರ್ದೈತೆ ಓದವ್ವಾ,’ ಎಂದಳು. ಆ ಸೊಸೆ ಇಂಗ್ಲಿಷಿನಲ್ಲಿ ತಡವರಿಸಿ ಓದಿದ ಮೇಲೆ, ಪುಷ್ಪ ಸಿಸ್ಟರಿಗೆ ಫೋನು ಹಚ್ಚಿಸಿ, ಅದೇ ಹೆಸರೆಂದು ಖಚಿತ ಮಾಡಿಕೊಂಡು, ಆಮೇಲೆ ಪೂರ್ತಿ ಮಾತ್ರೆಯನ್ನು ನುಂಗಿದಳು. ಅದರ ಮರುದಿನವೂ ಹಾಗೆಯೇ. ಒಂದು ವಾರ ಹಾಗೆಯೇ. ನಾಗಮ್ಮನ ಸೊಸೆ ನನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿ ನಗತೊಡಗಿದಳು. ಊರಿನಲ್ಲಿ ನಾನು ಸ್ನಾತಕೋತ್ತರ ಪದವಿ ಪಡೆದವಳು. ಆ ಸೊಸೆ ಎಸ್ಸೆಸ್ಸೆಲ್ಸಿ. ಪ್ರಮಾಣಪತ್ರಗಳ ಮೌಲ್ಯ ಹೀಗೆ ಏರಿಳಿಯುವುದನ್ನು ನಾನು ಅಲ್ಲಿಯವರೆಗೆ ಷೇರುಪತ್ರಗಳ ವಿಷಯದಲ್ಲಿ ಮಾತ್ರ, ಅದೂ ಕ್ಲಾಸಿನಲ್ಲಿ, ಪಾಠ ಮಾಡಿದ್ದೆ.

ನಾನು ವಾದ ಹೂಡಲಿಲ್ಲ. ವಿವರಣೆ ಕೊಡುವ ಆಸೆಯನ್ನು ದಿನಾ ನುಂಗುವುದೇ ನನ್ನ ಮಾತ್ರೆಯಾಯಿತು. ಬೆಳಿಗ್ಗೆ ಎಂದಿಗಿಂತ ಹತ್ತು ನಿಮಿಷ ಮೊದಲೇ ಎದ್ದು, ಅವಳ ಪಕ್ಕ ಕೂತು, ಕಾಲು ಜೋಮು ಹಿಡಿದಿದೆಯೇ ಎಂದು ಕೇಳುತ್ತಿದ್ದೆ. ಮೊದಲ ದಿನ, ‘ಏನ್ ಹೊಸದಾಗಿ ಕೇಳ್ತೀಯಾ?’ ಎಂದಳು. ಎರಡನೆಯ ದಿನ ಮಂಡಿಯ ಬಗ್ಗೆ ಹೇಳಿದಳು. ಹತ್ತನೆಯ ದಿನ ತನ್ನ ಅಣ್ಣ ಮಾತು ಹೋದ ಮೇಲೂ ತನ್ನ ಹೆಸರು ಕರೆಯಲು ಹೆಣಗುತ್ತಿದ್ದುದನ್ನು, ಅದಕ್ಕೇ ತಾನು ಬಿ.ಪಿ. ಎಂಬ ಶಬ್ದ ಕೇಳಿದರೆ ಹೆದರುವುದನ್ನು ಹೇಳಿದಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ನನಗೆ ಅದು ಗೊತ್ತಿರಲಿಲ್ಲ. ಹೆದರಿದವಳು ಮಾತ್ರೆ ಬಚ್ಚಿಡುತ್ತಾಳೆ ಎಂಬುದು ಯಾವ ತರ್ಕದಲ್ಲಿ ಸರಿ ಎಂದು ಕೇಳಲು ಬಾಯಿಗೆ ಬಂದಿತ್ತು. ಕೇಳಲಿಲ್ಲ.

ಮುಂದಿನ ತಿಂಗಳ ತಪಾಸಣೆಯಲ್ಲಿ ಬಿ.ಪಿ. ಹಿಡಿತಕ್ಕೆ ಬಂದಿತ್ತು. ಒಂದೇ ಮಾತ್ರೆಯಲ್ಲಿ, ಪೂರ್ತಿ ಮಾತ್ರೆಯಲ್ಲಿ. ಡಾಕ್ಟರು ಮಾತ್ರೆಯನ್ನು ಹೊಗಳಿದರು, ಸಿಸ್ಟರ್ ಅಜ್ಜಿಯನ್ನು ಹೊಗಳಿದರು, ಅಜ್ಜಿ ನಾಗಮ್ಮನ ಸೊಸೆಯನ್ನು ಹೊಗಳಿದಳು.

ಆಮೇಲೆ ಒಂದು ಬೆಳಿಗ್ಗೆ, ಅದು ಸಾಧಾರಣ ಮಂಗಳವಾರ, ನಾನು ಎಂದಿನಂತೆ ಸ್ಟ್ರಿಪ್ಪನ್ನು ಅಜ್ಜಿಯ ಕಡೆ ಚಾಚಿದೆ, ಓದಿಸಿಕೊಂಡು ಬರಲಿ ಎಂದು. ಅವಳು ರಾಗಿ ಕೇರುತ್ತ ಕೂತಿದ್ದಳು. ಎದ್ದು ಹೋಗಲಿಲ್ಲ. ಸ್ಟ್ರಿಪ್ಪನ್ನೂ ನೋಡಲಿಲ್ಲ. ಮೊರವನ್ನು ಮಡಿಲಲ್ಲಿಟ್ಟು, ಹೊಟ್ಟು ಅಂಟಿದ ಅಂಗೈಯನ್ನು ಸೆರಗಿಗೆ ಒರೆಸಿ, ನನ್ನ ಮುಂದೆ ಚಾಚಿದಳು.

ನಾನು ಮಾತ್ರೆ ಒತ್ತಿ ಅದರ ಮೇಲಿಟ್ಟೆ. ಸುಮ್ಮನಿರಲಾರದೆ, ‘ಇದು ಅದೇ ಅಜ್ಜಿ, ಸರ್ಕಾರಿದು, ನೋಡು ಇಲ್ಲಿ ಹೆಸರು,’ ಎಂದು ಶುರುಮಾಡಿದೆ.

‘ಬಾಯ್ ಮುಚ್ಕಂಡು ನೀರ್ ಕೊಡೇ,’ ಎಂದಳು.

ಕೊಟ್ಟೆ.